ಹೆಲ್ಗಾಳನ್ನು ಬರ್ಲಿನ್‌ಗೆ ಕರೆದೊಯ್ಯುವ ಬಗ್ಗೆ

ಕಟ್ಟಿದ ಹಗ್ಗ ಕಂಡರೆ ಬಿಚ್ಚುವ ಅಭ್ಯಾಸವೊಂದು ಇತ್ತೀಚೆಗೆ ನನಗೆ ಅಂಟಿಕೊಂಡಿದೆ. ಇದರಿಂದ ಆರೋಗ್ಯಕ್ಕೆ ಹಾನಿಯಿಲ್ಲ, ಆದರೆ ಮನೆಯವರಿಗೆ ನೆಮ್ಮದಿಯೂ ಇಲ್ಲ. ನನ್ನ ಹೆಂಡತಿ ಸುಮಾ ಕಸದ ಚೀಲದ ಬಾಯಿಗೆ ಗಂಟು ಹಾಕಿ ಬಾಗಿಲ ಬಳಿ ಇಟ್ಟರೆ, ಕೆಳಗೆ ಒಯ್ಯುವ ಮೊದಲು ನಾನದನ್ನು ಸಡಿಲಿಸಿರುತ್ತೇನೆ. ಆಮೇಲೆ ಮೆಟ್ಟಿಲ ತುಂಬ ಈರುಳ್ಳಿ ಸಿಪ್ಪೆ. ಲೇಸಿನ ಶೂ ಬಿಟ್ಟು ಎಷ್ಟೋ ತಿಂಗಳಾಯಿತು. ಈಗ ಹಾಕುವುದೆಲ್ಲ ಸುಮ್ಮನೆ ಕಾಲು ತೂರಿಸುವಂಥವು. ಮೊನ್ನೆ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲರೂ ಬಟ್ಟೆ ಒಣಹಾಕುವ ಕೋಣೆಯಲ್ಲಿ, ಈ ಗೋಡೆಯಿಂದ ಆ ಗೋಡೆಗೆ ಒಂದು ಹಗ್ಗ ಬಿಗಿದು ಕಟ್ಟಿತ್ತು. ಅದರ ಮೇಲೆ ಎರಡನೇ ಮಹಡಿಯ ಅಜ್ಜಿಯ ಬಿಳಿ ಹಾಸಿಗೆ ಬಟ್ಟೆಗಳು. ಎಷ್ಟು ಬಿಗಿ ಎಂದರೆ ಮುಟ್ಟಿದರೆ ಶಬ್ದ ಬರಬೇಕು, ಅಷ್ಟು. ಸ್ವಲ್ಪ ಸಡಿಲಿಸೋಣ ಎಂದು ಗಂಟಿಗೆ ಕೈ ಹಾಕಿದೆ. ಅಜ್ಜಿ ಒಳಗೆ ಬಂದಾಗ ನಾನು ಅವರ ಹಾಸುಗಳನ್ನು ನೆಲದಿಂದ ಎತ್ತಿಕೊಳ್ಳುತ್ತಿದ್ದೆ. ಇಷ್ಟು ವರ್ಷ ಜರ್ಮನಿಯಲ್ಲಿದ್ದೂ, "ಬಿಗಿದು ಕಟ್ಟಿದ್ದನ್ನು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ" ಎನ್ನುವುದಕ್ಕೆ ಜರ್ಮನ್ ಭಾಷೆಯಲ್ಲಿ ಏನು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. "ಎಂಟ್‌ಶುಲ್ಡಿಗುಂಗ್" ಎಂದು ಕ್ಷಮೆ ಕೇಳಿ ಮೇಲೆ ಬಂದೆ.

ಇದಕ್ಕೆಲ್ಲ ಕಾರಣ ಹೆಲ್ಗಾ.

ತಪ್ಪು ತಿಳಿಯಬೇಡಿ, ಹೆಲ್ಗಾ ಒಂದು ದೋಣಿ. ಆರು ಮೀಟರ್ ಉದ್ದ. ಮುಂದುಗಡೆ ಇಬ್ಬರು ಮುದುಡಿ ಮಲಗಬಹುದಾದ ಒಂದು ಗೂಡು, ಹಿಂದೆ ನಾಲ್ವರು ಮಂಡಿಗೆ ಮಂಡಿ ತಾಗಿಸಿ ಕೂರಬಹುದಾದ ಬೆಂಚುಗಳು, ಬಾಲದಲ್ಲಿ ಒಂದು ಮೋಟಾರು. ಇದರ ಒಡೆಯ ನನ್ನ ಗೆಳೆಯ ರಫೀಕ್. ಹರಿಹರದವನು. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಈಗ ಅವನು ಬೊಬ್ಲಿಂಗೆನ್‌ನಲ್ಲಿ ಕಾರಿನ ಬ್ರೇಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾನೆ, ನಾನು ಸೇಂಟ್ ಲಿಯೋನ್-ರೋಟ್‌ನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತೇನೆ. ವಾರವೆಲ್ಲ ಬ್ರೇಕು ಹಾಕುವ ಕಸುಬಿನವನಿಗೆ ಭಾನುವಾರ ಬ್ರೇಕೇ ಇಲ್ಲದ ವಾಹನದ ಮೇಲೆ ಮೋಹ ಬಂದದ್ದು ಸಹಜ ಎಂದು ನನಗನಿಸುತ್ತದೆ. ದೋಣಿಯ ಹಿಂದಿನ ಮಾಲೀಕ ಒಬ್ಬ ಮುದುಕ. ತನ್ನ ಹೆಂಡತಿಯ ಹೆಸರನ್ನು ಅದರ ಪಕ್ಕೆಯಲ್ಲಿ ಬರೆಸಿದ್ದ. ರಫೀಕ್ ಅದನ್ನು ಹಾಗೇ ಬಿಟ್ಟ.

"ಇನ್ನೊಬ್ರ ಹೆಂಡ್ತಿ ಹೆಸರು ಅಳಿಸಾಕೆ ನಾವ್ಯಾರು ಗುರು" ಎಂದ.

ಅವನ ಹೆಂಡತಿ ನಸ್ರೀನ್ ಶಿವಮೊಗ್ಗದವಳು, ಅವಳೂ ಎಂಜಿನಿಯರು. ಅವಳ ವರದಿ ಬೇರೆ. "ಹೆಲ್ಗಾ ನಂಗೆ ಎರಡನೇ ಅತ್ತೆ ಸುಮಕ್ಕ. ವಾರಕ್ಕೊಂದ್ ಸಲ ಹೋಗಿ ಮೈ ಉಜ್ಜದಿದ್ರೆ ಮುನಿಸ್ಕೊಂಡು ಸ್ಟಾರ್ಟೇ ಆಗಲ್ಲ."

ಈ ಹೆಲ್ಗಾಳನ್ನು ನೀರಿನ ಮೇಲೇ ಬರ್ಲಿನ್‌ಗೆ ಕರೆದೊಯ್ಯಬೇಕು ಎನ್ನುವುದು ರಫೀಕನ ಆಸೆ. ಜರ್ಮನಿಯ ಉತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಉದ್ದನೆಯ ಕಾಲುವೆ ಮಲಗಿದೆ. ಕಲ್ಲಿದ್ದಲು, ಗೋಧಿ, ಜಲ್ಲಿ ಹೊತ್ತ ಹಡಗುಗಳು ಅದರಲ್ಲಿ ಓಡಾಡುತ್ತವೆ. ಅವುಗಳ ಬದಿಯಲ್ಲಿ ನಮ್ಮಂಥವರ ಪುಟ್ಟ ದೋಣಿಗಳಿಗೂ ದಾರಿಯುಂಟು. ಮಿಂಡೆನ್ ಎಂಬ ಊರಿನವರೆಗೆ ಹೆಲ್ಗಾಳನ್ನು ಟ್ರೇಲರಿನ ಮೇಲೆ ಒಯ್ದು, ಅಲ್ಲಿ ನೀರಿಗಿಳಿಸಿ, ಬೇಸಿಗೆಯ ರಜೆಯನ್ನೆಲ್ಲ ಸುರಿದು ಬರ್ಲಿನ್ ಮುಟ್ಟುವುದು. ಕಾಲುವೆಯಲ್ಲಿ ವೇಗದ ಮಿತಿ ಇದೆ. ದಂಡೆಯ ಮೇಲೆ ಮನಸ್ಸಿಟ್ಟು ಸೈಕಲ್ ತುಳಿಯುವವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ.

"ಬರ್ಲಿನ್‌ಗೆ ಟ್ರೇನ್‌ನಾಗೆ ಎಲ್ರೂ ಹೋಗ್ತಾರೆ. ಅದ್ರಾಗೇನೈತಿ" ಎಂದ ರಫೀಕ್.

"ಟ್ರೇನಲ್ಲಿ ಟಾಯ್ಲೆಟ್ ಐತೆ" ಎಂದೆ ನಾನು.

ಹೀಗೆ ತಮಾಷೆ ಮಾಡಿದೆನಾದರೂ ಆಸೆ ನನಗೂ ಹತ್ತಿತ್ತು. ಅದಕ್ಕೊಂದು ಹಳೆಯ ಕಾರಣ ಇದೆ.

ನಮ್ಮದು ಪಾಂಡವಪುರದ ಕಡೆ. ಮನೆಯ ಹಿಂದೆ ಎರಡು ಗದ್ದೆ ದಾಟಿದರೆ ನಾಲೆ. ಅದರಲ್ಲಿ ಎಮ್ಮೆ ತೊಳೆಯುತ್ತಿದ್ದರು, ಕಂಬಳಿ ಒಗೆಯುತ್ತಿದ್ದರು, ಗಣೇಶನನ್ನು ಬಿಡುತ್ತಿದ್ದರು. ಆದರೆ ಅದರಲ್ಲಿ ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಪ್ರಯಾಣ ಮಾಡುತ್ತಿದ್ದುದು ನೀರು ಮಾತ್ರ; ನಾವು ದಂಡೆಯ ಮೇಲೆ ನಿಂತು ಅದನ್ನು ಬೀಳ್ಕೊಡುತ್ತಿದ್ದೆವು. ಆರನೇ ಕ್ಲಾಸಿನಲ್ಲಿದ್ದಾಗ ನನಗೂ ಚಿಕ್ಕಪ್ಪನ ಮಗ ಕುಮಾರನಿಗೂ ಇದು ದೊಡ್ಡ ಅನ್ಯಾಯ ಎನಿಸಿತು. ಕೆಳಗಿನ ಊರಿನಲ್ಲಿ ನಮ್ಮ ಸೋದರತ್ತೆಯ ಮನೆ ಇತ್ತು. ನಾಲೆಯೂ ಆ ಊರಿಗೇ ಹೋಗುತ್ತಿತ್ತು. ಹಾಗಿದ್ದ ಮೇಲೆ ಬಸ್ಸು ಯಾಕೆ? ಬಾಳೆದಿಂಡಿನ ತೆಪ್ಪ ಕಟ್ಟಿ ನೀರಿನ ಜೊತೆಯಲ್ಲೇ ಅತ್ತೆಯ ಮನೆ ಮುಟ್ಟುವುದೆಂದು ನಿಶ್ಚಯವಾಯಿತು. ವಾರ್ಷಿಕ ಪರೀಕ್ಷೆಯ ಅಷ್ಟೂ ದಿನ ನಾವು ಓದಿದ್ದು ತೆಪ್ಪ. ಕಡ್ಲೆಪುರಿ, ಬೆಲ್ಲ, ಸೆಲ್ ಇಲ್ಲದ ಒಂದು ಟಾರ್ಚು, ಅತ್ತೆಗೆ ಕೊಡಲು ಒಂದು ಹಲಸಿನ ಹಣ್ಣು ಎಂದೆಲ್ಲ ಗೊತ್ತುಮಾಡಿಕೊಂಡೆವು. ಹಲಸಿನ ಹಣ್ಣು ನಡುವೆ ಇರಬೇಕೋ ಹಿಂದೆ ಇರಬೇಕೋ ಎಂದು ಜಗಳವೂ ಆಯಿತು. ರಜೆ ಬಂದ ದಿನ ದಿಂಡುಗಳನ್ನು ತಲೆಯ ಮೇಲೆ ಹೊತ್ತು ನಾಲೆಗೆ ಹೋದರೆ ನಾಲೆಯಲ್ಲಿ ನೀರಿಲ್ಲ. ಬೇಸಿಗೆಯಲ್ಲಿ ರಿಪೇರಿಗೆಂದು ನೀರು ನಿಲ್ಲಿಸುತ್ತಾರೆ ಎನ್ನುವುದು ಹುಟ್ಟಿದಾಗಿನಿಂದ ನಮ್ಮ ಕಣ್ಣೆದುರೇ ಇದ್ದ ಸಂಗತಿ. ಆದರೂ ಯೋಜನೆ ಹಾಕುವಾಗ ಅದೊಂದೇ ನೆನಪಾಗಲಿಲ್ಲ. ಒಣಗಿದ ತಳದಲ್ಲಿ ಒಂದು ಓತಿಕ್ಯಾತ ನಮ್ಮನ್ನು ನೋಡಿ ತಲೆಯಾಡಿಸಿತು. ನೀರು ಬಿಡುವ ಹೊತ್ತಿಗೆ ಶಾಲೆ ಶುರುವಾಗಿತ್ತು, ತೆಪ್ಪವನ್ನು ಎಮ್ಮೆ ತಿಂದಿತ್ತು.

ಇದನ್ನು ಕೇಳಿ ರಫೀಕ್ ಸೋಫಾದಿಂದ ಜಾರಿ ಬೀಳುವಷ್ಟು ನಕ್ಕ. ಅವನು ನದಿಯ ಊರಿನವನು. ಚಿಕ್ಕಂದಿನಲ್ಲಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವನು. ನೀರಿನ ವಿಷಯದಲ್ಲಿ ನನ್ನನ್ನು ಅವನು ಯಾವಾಗಲೂ ಸ್ವಲ್ಪ ಮರುಕದಿಂದಲೇ ನೋಡುತ್ತಾನೆ. "ಈ ಸಲ ನೀರಿನ ಜವಾಬ್ದಾರಿ ನಂದು ಮಗಾ" ಎಂದ. "ಹಲಸಿನ ಹಣ್ಣು ಬ್ಯಾಡ."

ಕಳೆದ ಬೇಸಿಗೆಯೆಲ್ಲ ಹೀಗೆ ಕಳೆಯಿತು. ಶನಿವಾರ ಅವರು ನಮ್ಮ ಮನೆಗೆ ಬರುವುದು, ಊಟದ ಮೇಜಿನ ಮೇಲೆ ಕಾಲುವೆಯ ನಕ್ಷೆ ಹಾಸುವುದು, ಅದರ ನಾಲ್ಕು ಮೂಲೆಗೆ ಉಪ್ಪಿನಕಾಯಿ ಬಾಟಲಿ ಇಡುವುದು. ಹ್ಯಾನೋವರ್ ಹತ್ತಿರ ನಿಂಬೆಕಾಯಿ, ಬರ್ಲಿನ್ ಮೇಲೆ ಮಾವಿನಕಾಯಿ. ಭಾನುವಾರ ಅಂಗಡಿಗಳಿರುವುದಿಲ್ಲವಲ್ಲ, ಶನಿವಾರವೇ ಯಾವ ಊರಿನ ಹತ್ತಿರ ದೋಣಿ ಕಟ್ಟಿಕೊಂಡರೆ ಹಾಲು ಮೊಸರು ಸಿಗುತ್ತದೆ ಎಂಬ ಚರ್ಚೆ. ರೈಸ್ ಕುಕ್ಕರ್ ದೋಣಿಯ ಬ್ಯಾಟರಿಯಲ್ಲಿ ಓಡುವುದಿಲ್ಲ ಎಂದು ತಿಳಿದ ದಿನ ಸುಮಾ ಯಾನದಿಂದಲೇ ಹೊರನಡೆದಿದ್ದಳು. ಗ್ಯಾಸಿನ ಒಲೆ ಇದೆ ಎಂದು ತೋರಿಸಿ ವಾಪಸು ಕರೆತರಬೇಕಾಯಿತು. ಮಗಳು ಅನಘಾ ಮಾತ್ರ ಮೊದಲಿನಿಂದ ಒಂದೇ ನಿಲುವು. ನಾನು ಬಚ್ಚಲಲ್ಲಿ ನಿಂತು ದೋಣಿಯ ರೇಡಿಯೋದಲ್ಲಿ ಮಾತಾಡುವ ಅಭ್ಯಾಸ ಮಾಡುತ್ತಿದ್ದರೆ, ಬಾಗಿಲ ಹೊರಗಿನಿಂದ, "ಪಾಪಾ, ಬಿಟ್ಟೆ ನಿಷ್ಟ್" ಎಂದು ಜರ್ಮನ್‌ನಲ್ಲಿ ಬೇಡಿಕೊಳ್ಳುತ್ತಿದ್ದಳು. ದಯವಿಟ್ಟು ಬೇಡ ಎಂದು ಅರ್ಥ. ನಾವು ಹೊರಡಬೇಕೆಂದಿದ್ದ ಮುಂದಿನ ವರ್ಷದ ಬೇಸಿಗೆ ರಜೆಯಲ್ಲಿ ಅವಳು ಗೆಳತಿಯ ಮನೆಯವರ ಜೊತೆ ಶಿಬಿರಕ್ಕೆ ಹೋಗುವುದೆಂದು ತೀರ್ಮಾನವಾಯಿತು.

ಸೆಪ್ಟೆಂಬರಿನ ಒಂದು ಭಾನುವಾರ, ತಾಲೀಮು ನೋಡಿಬಿಡೋಣ ಎಂದು ನಾವು ನಾಲ್ವರು ನೆಕರ್ ನದಿಯಲ್ಲಿ ಹೊರಟೆವು. ಅಂದು ಆದದ್ದನ್ನು ಹೇಳುವ ಮೊದಲು ಶ್ಲೊಯ್ಜೆ ಎಂದರೇನು ಎಂದು ಹೇಳಬೇಕು. ಅದು ನೀರಿನ ಲಿಫ್ಟು. ನದಿಯ ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ದೋಣಿ ಇಳಿಯಬೇಕಲ್ಲ, ಅದಕ್ಕಾಗಿ ಎರಡು ಬಾಗಿಲಿನ ಒಂದು ದೊಡ್ಡ ಕಾಂಕ್ರೀಟ್ ತೊಟ್ಟಿ. ದೋಣಿ ಒಳಗೆ ಹೋದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತದೆ, ನೀರನ್ನು ಕೆಳಗೆ ಬಿಡುತ್ತಾರೆ, ನೀರಿನ ಜೊತೆ ದೋಣಿಯೂ ಇಳಿಯುತ್ತದೆ, ಮುಂದಿನ ಬಾಗಿಲು ತೆರೆಯುತ್ತದೆ. ಇಷ್ಟೇ. ದೋಣಿ ಅತ್ತಿತ್ತ ತೇಲದಂತೆ ಗೋಡೆಯ ಕಬ್ಬಿಣದ ಗೂಟಕ್ಕೆ ಹಗ್ಗ ಬಳಸಿ, ತುದಿಯನ್ನು ಕೈಯಲ್ಲಿ ಹಿಡಿದಿರಬೇಕು. ನೀರು ಇಳಿದ ಹಾಗೆ ಹಗ್ಗವನ್ನು ಸಡಿಲ ಬಿಡುತ್ತ ಹೋಗಬೇಕು. ಕೈಯಲ್ಲಿ ಹಿಡಿಯಬೇಕು, ಕಟ್ಟಬಾರದು. ಇದು ರಫೀಕನಿಗೆ ಗೊತ್ತಿತ್ತು. ನಮಗೆಲ್ಲ ಹೇಳಿಕೊಟ್ಟವನೂ ಅವನೇ.

ಹಿಂದಿನ ಹಗ್ಗ ಅವನ ಕೈಯಲ್ಲಿ, ಮುಂದಿನದು ನನ್ನ ಕೈಯಲ್ಲಿ. ನಸ್ರೀನ್ ಮಡಿಲಲ್ಲಿ ಹಲಗೆ ಇಟ್ಟುಕೊಂಡು ಸೌತೆಕಾಯಿ ಹೆಚ್ಚುತ್ತಿದ್ದಳು. ಬಿಸಿಲು ಹಿತವಾಗಿತ್ತು. ಹಿಂದಿನ ಬಾಗಿಲು ಮುಚ್ಚಿತು. ಶ್ಲೊಯ್ಜೆಯಲ್ಲಿ ಸುಮ್ಮನೆ ಕೂತಿರುವ ಹೊತ್ತು ಊಟಕ್ಕೆ ಒಳ್ಳೆಯದು ಎಂದು ಸುಮಾಗೆ ಅನಿಸಿತು. ಡಬ್ಬಿ ತೆರೆದು ಚಿತ್ರಾನ್ನವನ್ನು ತಟ್ಟೆಗೆ ಹಾಕಿ, "ಮೊದ್ಲು ಕ್ಯಾಪ್ಟನ್‌ಗೆ. ತಗೊಳ್ಳಿ ರಫೀಕಣ್ಣ" ಎಂದು ಚಾಚಿದಳು.

ರಫೀಕನ ಬಲಗೈಯಲ್ಲಿ ಹಗ್ಗ. ಎಡಗೈ ಖಾಲಿ.

ಇಲ್ಲಿ ಒಬ್ಬ ಜರ್ಮನ್ ಇದ್ದಿದ್ದರೆ ಎಡಗೈ ಚಾಚಿ ತಟ್ಟೆ ತೆಗೆದುಕೊಂಡು ಪಕ್ಕದಲ್ಲಿಡುತ್ತಿದ್ದ. ನಾವು ಹಾಗೆ ಬೆಳೆದವರಲ್ಲ. ಅಣ್ಣಾ ಎಂದು ಕರೆದು ಅನ್ನ ಕೊಡುತ್ತಿರುವ ಹೆಣ್ಣುಮಗಳ ಮುಂದೆ ಎಡಗೈ ಒಡ್ಡುವುದು ಅವನ ಮನೆಯಲ್ಲೂ ಇಲ್ಲ, ನನ್ನ ಮನೆಯಲ್ಲೂ ಇಲ್ಲ. ಅವನು ಯೋಚಿಸಲೇ ಇಲ್ಲ. ಹಗ್ಗವನ್ನು ದೋಣಿಯ ಅಂಚಿನ ಗೂಟಕ್ಕೆ ಎರಡು ಸುತ್ತು ಸುತ್ತಿ, ಒಂದು ಗಂಟು ಹಾಕಿ, ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತಟ್ಟೆ ತೆಗೆದುಕೊಂಡ. ಎಡಗೈಗೆ ತಟ್ಟೆ ಬಂತು, ಬಲಗೈ ಅನ್ನ ಕಲಸಿತು. "ಸುಮಾ, ನಿಂಬೆಹಣ್ಣು ಸರಿಯಾಗೈತಿ ನೋಡ್ರಿ" ಎಂದ.

ನೀರು ಇಳಿಯುವುದಕ್ಕೆ ಶಬ್ದವಿಲ್ಲ. ನನಗೆ ಮೊದಲು ಕಂಡದ್ದು ಕಡ್ಲೆಬೀಜ. ರಫೀಕನ ತಟ್ಟೆಯಿಂದ ಒಂದು ಕಡ್ಲೆಬೀಜ ಹಲಗೆಯ ಮೇಲೆ ಬಿದ್ದು, ನಿಲ್ಲದೆ ಉರುಳಿ ನನ್ನ ಕಾಲ ಬಳಿ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ನೀರಿನ ಬಾಟಲಿ. ಹೆಲ್ಗಾಳ ಹಿಂಭಾಗ ಗೋಡೆಯಲ್ಲೇ ನಿಂತುಬಿಟ್ಟಿತ್ತು. ಮುಂಭಾಗ ನೀರಿನ ಜೊತೆ ಇಳಿಯುತ್ತಿತ್ತು. ರಫೀಕ್ ತಟ್ಟೆ ಬಿಸಾಡಿ ಹಗ್ಗಕ್ಕೆ ಬಿದ್ದ. ಇಡೀ ದೋಣಿಯ ಭಾರ ಬಿದ್ದ ಗಂಟು ಬಿಚ್ಚುವುದೆಂತು. ಅವನ ಉಗುರು ಕಿತ್ತು ರಕ್ತ ಬಂತು. ದೋಣಿ ಗೋಡೆಯ ಕಡೆಗೆ ವಾಲಿತು. ಬೆಂಚಿನ ಮೇಲಿದ್ದ ಸುಮಾ ಜಾರಿದಳು. ಅವಳ ಸೊಂಟದವರೆಗಿನ ಭಾಗ ಅಂಚಿನಾಚೆ ಹೋಯಿತು. ಕೆಳಗೆ ಪಾಚಿಗಟ್ಟಿದ ಗೋಡೆ, ಗೋಡೆಗೂ ದೋಣಿಗೂ ನಡುವೆ ಒಂದು ಕಪ್ಪು ಸಂದು. ಅವಳು ಒಂದು ಕೈಯಿಂದ ಕಂಬಿ ಹಿಡಿದಿದ್ದಳು. ಆ ಕೈಯ ಹಸಿರು ಬಳೆ, ಬಿಳುಪಾದ ಬೆರಳ ಗಂಟುಗಳು. ನಾನು ಅವುಗಳನ್ನು ನೋಡುತ್ತಿದ್ದೆ. ನನ್ನ ಹಗ್ಗ ನನ್ನ ಕೈಯಲ್ಲಿತ್ತು.

ನಸ್ರೀನ್ ಎದ್ದು, ಸೌತೆಕಾಯಿ ಹೆಚ್ಚುತ್ತಿದ್ದ ಚಾಕುವಿನಿಂದ ಹಗ್ಗವನ್ನು ಕುಯ್ಯತೊಡಗಿದಳು. "ಸುಮಕ್ಕ, ಬಿಡ್ಬೇಡಿ. ಎಲ್ರೂ ತಲೆ ಬಗ್ಗಿಸಿ" ಎಂದು ಇಷ್ಟೇ ಹೇಳಿದಳು, ಮಕ್ಕಳಿಗೆ ಹೇಳುವ ಧ್ವನಿಯಲ್ಲಿ. ಎಳೆ ಎಳೆಯಾಗಿ ಕಿತ್ತುಕೊಂಡ ಹಗ್ಗ ಕೊನೆಗೊಮ್ಮೆ ಹರಿದು, ನನ್ನ ಕಿವಿಯ ಪಕ್ಕದಲ್ಲಿ ಹಾದು, ಮುಂದಿನ ಗಾಜಿಗೆ ಬಡಿಯಿತು. ಗಾಜು ಪುಡಿಯಾಯಿತು. ಹೆಲ್ಗಾ ದಪ್ಪೆಂದು ನೀರಿಗೆ ಬಿದ್ದಳು. ಸುಮಾ ಆ ಹೊಡೆತಕ್ಕೆ ದೋಣಿಯ ಒಳಕ್ಕೆ, ನನ್ನ ಕಾಲ ಬಳಿಗೇ ಬಂದು ಬಿದ್ದಳು.

ಮೇಲಿನ ಧ್ವನಿವರ್ಧಕದಿಂದ ಒಂದು ಗಂಡಸಿನ ದನಿ, ಎಲ್ಲ ಸರಿಯಿದೆಯೇ ಎಂದು ಜರ್ಮನ್‌ನಲ್ಲಿ ಕೇಳಿತು. ಗಡ್ಡದಲ್ಲಿ ಅರಿಶಿನದ ಅನ್ನ ಅಂಟಿಸಿಕೊಂಡಿದ್ದ ರಫೀಕ್ ಮೇಲೆ ನೋಡಿ, "ಯಾ, ಯಾ, ಆಲೆಸ್ ಗೂಟ್" ಎಂದ. ಎಲ್ಲ ಚೆನ್ನಾಗಿದೆ.

ಸುಮಾಗೆ ಪಕ್ಕೆ ನೀಲಿಗಟ್ಟಿತು, ಅಷ್ಟೇ. ಒಂದು ವಾರದಲ್ಲಿ ಅವಳು ಅದನ್ನು ಫೋನಿನಲ್ಲಿ ತಂಗಿಗೆ ನಗುತ್ತ ಹೇಳುತ್ತಿದ್ದಳು, "ಅಷ್ಟೂ ಚಿತ್ರಾನ್ನ ಮೀನಿಗಾಯ್ತು ಕಣೆ." ನನಗೆ ನಗು ಬರಲಿಲ್ಲ. ನೋಡಿ, ತಪ್ಪು ಹುಡುಕುವ ನನ್ನ ಕಸುಬಿನಲ್ಲಿ, ಒಂದು ತಪ್ಪು ಕಂಡರೆ ಅದನ್ನು ಮತ್ತೆ ಮತ್ತೆ ಆಗುವಂತೆ ಮಾಡಿ ನೋಡಬೇಕು. ಇದನ್ನು ಬದಲಿಸಿದರೆ ಏನಾಗುತ್ತದೆ, ಅದನ್ನು ಬದಲಿಸಿದರೆ ಏನಾಗುತ್ತದೆ. ಮನಸ್ಸಿಗೆ ಈ ವಿದ್ಯೆ ಕಲಿಸಬಾರದಿತ್ತು. ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದಾಗ ದೋಣಿ ವಾಲುತ್ತಿತ್ತು. ನಸ್ರೀನ್ ಸೌತೆಕಾಯಿಯನ್ನು ಮನೆಯಲ್ಲೇ ಹೆಚ್ಚಿಕೊಂಡು ಬಂದಿದ್ದರೆ? ಸುಮಾ ಚಿತ್ರಾನ್ನದ ಬದಲು ಚಮಚದಲ್ಲಿ ತಿನ್ನುವಂಥದ್ದೇನಾದರೂ ತಂದಿದ್ದರೆ? ಹಗ್ಗ ಒಂದು ಗೇಣು ಈಚೆ ಬಂದಿದ್ದರೆ? ಪ್ರತಿ ಸಲವೂ ಕೊನೆಗೆ ಬಳೆಯ ಕೈ. ಆ ಕೈ ಬಿಡುವ ಮೊದಲೇ ಯಾರೋ ನನ್ನ ಹೆಸರು ಹಿಡಿದು ಅಭಿಪ್ರಾಯ ಕೇಳುತ್ತಿದ್ದರು. ನಾನು ಒಪ್ಪಿಗೆ ಎನ್ನುತ್ತಿದ್ದೆ. ಹೀಗೆ ಒಪ್ಪಿ ಎರಡು ಕೆಲಸ ಹೆಚ್ಚಿಗೆ ಮೈಮೇಲೆ ಹಾಕಿಕೊಂಡಿದ್ದೇನೆ.

ರಫೀಕ್ ಚಳಿಗಾಲವೆಲ್ಲ ಬರಲಿಲ್ಲ. ಫೋನ್ ಮಾಡಿದರೆ ಹವೆಯ ಬಗ್ಗೆ ಮಾತಾಡಿದ. ಹರಿಹರದವನು ನನ್ನ ಬಳಿ ಹವೆಯ ಬಗ್ಗೆ ಮಾತಾಡುತ್ತಾನೆ ಎಂದರೆ ಏನೋ ಸರಿಯಿಲ್ಲ ಎಂದೇ ಅರ್ಥ. ಫೆಬ್ರುವರಿಯಲ್ಲಿ ಸುಮಾ, ಹಳೆಯ ಸಾಮಾನು ಮಾರುವ ಆ್ಯಪ್‌ನಲ್ಲಿ ಕುಂಡಗಳನ್ನು ಹುಡುಕುತ್ತಿದ್ದವಳು, ಫೋನನ್ನು ನನ್ನ ಮುಂದೆ ಹಿಡಿದಳು. ಹೊಸ ಗಾಜು ಹಾಕಿಸಿಕೊಂಡು ಹೆಲ್ಗಾ ನಿಂತಿದ್ದಳು. ಮಾರಾಟಕ್ಕಿದೆ.

"ಕರೀರಿ ಅವ್ರನ್ನ" ಎಂದಳು ಸುಮಾ.

"ಮಾರ್ಕೊಳ್ಳಲಿ ಬಿಡು. ಒಳ್ಳೇದೇ ಆಯ್ತು."

"ನಿಮಗೆ ಒಳ್ಳೇದು ಅನ್ಸಿದ್ರೆ ಮುಖ ಯಾಕೆ ಹಿಂಗಾಯ್ತು? ಕರೀರಿ. ನಾನು ಹೋಳಿಗೆ ಮಾಡ್ತೀನಿ."

ಹೋಳಿಗೆಗೆ ಇಬ್ಬರೂ ಬಂದರು. ರಫೀಕ್ ಎರಡು ತಿಂದು ತಟ್ಟೆ ನೋಡುತ್ತ ಕೂತ. ಮೂರನೆಯದು ಹಾಕಲು ಹೋದ ಸುಮಾಗೆ, "ನಾನೇ ಕಟ್ಟಿದ್ದು ಸುಮಾ. ಬ್ರೇಕ್ ಬರೆಯೋ ನನ್ಮಗ ನಾನು. ಎಲ್ರಿಗೂ ಪಾಠ ಹೇಳಿ ನಾನೇ ಕಟ್ದೆ" ಎಂದ.

"ತಟ್ಟೆ ಚಾಚಿದ್ದು ನಾನು" ಎಂದಳು ಸುಮಾ. "ಕೈಯಲ್ಲಿ ಹಗ್ಗ ಇದೆ ಅಂತ ಕಾಣಿಸ್ಲಿಲ್ವಾ ನಂಗೆ? ಕಾಣಿಸ್ತು. ಆದ್ರೂ ಕೊಟ್ಟೆ."

"ಹೊಸ ಹಗ್ಗ ಕತ್ತರಿಸಿ ಗಾಜು ಒಡೆದೋಳು ನಾನು" ಎಂದಳು ನಸ್ರೀನ್. "ಎಲ್ರದ್ದೂ ಆಯ್ತಲ್ಲ."

ಮೂವರೂ ನನ್ನ ಕಡೆ ತಿರುಗಿದರು.

"ನಾನು ನೋಡ್ದೆ" ಎಂದೆ.

ಯಾರಿಗೂ ನಗಬೇಕೆಂದು ಇರಲಿಲ್ಲ, ಆದರೂ ಮೊದಲು ನಸ್ರೀನ್, ಆಮೇಲೆ ಎಲ್ಲರೂ ನಕ್ಕರು, ನಾನೂ. ನಕ್ಕಾದ ಮೇಲೆ ನನಗೆ ಒಂದು ವಿಷಯ ಬೆಳಕಾಯಿತು. ಅವರಿಗೆಲ್ಲ ಆ ಹೊತ್ತಿನಲ್ಲಿ ಮಾಡಲು ಏನೋ ಇತ್ತು. ಕಟ್ಟುವುದೋ, ಹಿಡಿದುಕೊಳ್ಳುವುದೋ, ಕುಯ್ಯುವುದೋ. ಮಾಡಿ ಮುಗಿಸಿದರು. ನನಗೆ ಸಿಕ್ಕಿದ್ದು ನೋಡುವ ಕೆಲಸ, ಅದು ಮುಗಿಯುವಂಥದ್ದಲ್ಲ. ಇದನ್ನು ಬಾಯಿಬಿಟ್ಟು ಹೇಳಿದೆ. ಆಫೀಸಿನಲ್ಲಿ ದೋಣಿ ವಾಲುವುದನ್ನೂ ಹೇಳಿದೆ. ಅಜ್ಜಿಯ ಹಾಸಿಗೆ ಬಟ್ಟೆ ಆಗಿನ್ನೂ ಬಿದ್ದಿರಲಿಲ್ಲ, ಇಲ್ಲದಿದ್ದರೆ ಅದನ್ನೂ ಹೇಳುತ್ತಿದ್ದೆ.

ರಫೀಕ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದ: "ನೋಡು ಗುರು. ಬರ್ಲಿನ್ ದಾರೀಲಿ ಶ್ಲೊಯ್ಜೆ ಕಮ್ಮಿ ಅದಾವು, ಕೈಬೆರಳಾಗೆ ಎಣಿಸಬೌದು. ಆದ್ರ ಒಂದೊಂದೂ ಮನೆಗಿಂತ ಎತ್ತರ. ಹಗ್ಗಕ್ಕೆ ಇಬ್ರು ಬೇಕೇ ಬೇಕು. ಬ್ಯಾರೇರ್ನ ಕರಕೊಂಡು ನಾನು ಹೋಗಾಂಗಿಲ್ಲ. ನೀ ಬಂದ್ರ ಹೋಗೋದು, ನೀ ಬರದಿದ್ರ ಹೆಲ್ಗಾ ಕೊಡೋದು. ಈಸ್ಟರ್ ಆದ್ಮೇಲೆ ಒಬ್ರು ನೋಡಾಕೆ ಬರ್ತೀನಿ ಅಂದಾರೆ."

"ನನ್ ಮೇಲೆ ಹಾಕ್ಬೇಡ ಮಗಾ."

"ಹಾಕ್ತಿಲ್ಲ. ಕೇಳ್ತಾ ಇದೀನಿ."

ನಕ್ಷೆ ಮತ್ತೆ ಹೊರಬಂತು. ಉಪ್ಪಿನಕಾಯಿ ಬಾಟಲಿಗಳು ಬದಲಾಗಿದ್ದವು, ಬರ್ಲಿನ್ ಮೇಲೆ ಈಗ ಅಮಟೆಕಾಯಿ. ಚಳಿಗಾಲದಲ್ಲಿ ಯಾರಿಗೂ ಹೇಳದೆ ನಸ್ರೀನ್ ದೋಣಿ ನಡೆಸುವ ಪರೀಕ್ಷೆ ಕಟ್ಟಿ ಪಾಸಾಗಿದ್ದಳು. ಇನ್ನು ಮೇಲೆ ಚುಕ್ಕಾಣಿ ತನ್ನದು, ಗಂಡಸರು ಹಗ್ಗ ಹಿಡಿಯುವುದು ಎಂದಳು. ಶ್ಲೊಯ್ಜೆಯೊಳಗೆ ಯಾರೂ ಏನನ್ನೂ ತಿನ್ನುವಂತಿಲ್ಲ, ಯಾರಿಗೂ ಏನನ್ನೂ ಕೊಡುವಂತಿಲ್ಲ ಎನ್ನುವುದು ಸುಮಾಳ ಕಾನೂನು. "ನೀರು ಕೇಳಿದ್ರೂ ಕೊಡಲ್ಲ" ಎಂದಳು. ಅವಳ ಬಾಯಲ್ಲಿ ಇಂಥ ಮಾತು ಬರುವುದಕ್ಕೆ ಎಷ್ಟು ಕಷ್ಟವಾಯಿತೆಂದು ಅವಳ ಕೈಯಲ್ಲಿ ಊಟ ಮಾಡಿದವರಿಗೆ ಗೊತ್ತು. ನಸ್ರೀನ್ ಬೆರಳಿಟ್ಟು ಮಾಗ್ಡೆಬುರ್ಗ್ ತೋರಿಸಿದಳು. ಅಲ್ಲಿ ಕಾಲುವೆ ಒಂದು ಸೇತುವೆಯ ಮೇಲೆ ಹತ್ತಿ ಎಲ್ಬೆ ನದಿಯನ್ನು ದಾಟುತ್ತದೆಯಂತೆ. ಕೆಳಗೆ ನದಿ, ಮೇಲೆ ನೀರಿನ ಸೇತುವೆ, ಸೇತುವೆಯೊಳಗೆ ದೋಣಿ. ನಮ್ಮೂರಿನ ನಾಲೆಯೂ ಒಂದು ಕಡೆ ಹಳ್ಳದ ಮೇಲೆ ಕಲ್ಲಿನ ಮೋರಿಯಲ್ಲಿ ದಾಟುತ್ತಿತ್ತು. ಆ ಮೋರಿಯ ಅಂಚಿನಲ್ಲಿ ನಡೆಯುವುದಕ್ಕೆ ನನಗೆ ಅನುಮತಿಯಿರಲಿಲ್ಲ.

"ಸೇತುವೆ ಮುಗಿದ ಮೇಲೆ ಆಳದ ಶ್ಲೊಯ್ಜೆ ಇದೆ ಅಣ್ಣ, ಸುಳ್ಳು ಹೇಳಲ್ಲ" ಎಂದಳು ನಸ್ರೀನ್. "ಆದ್ರೆ ಅಲ್ಲಿ ಗೋಡೆಯ ಗೂಟಾನೇ ನೀರಿನ ಜೊತೆ ತೇಲ್ಕೊಂಡು ಇಳಿಯುತ್ತೆ. ನೀವು ಸುಮ್ನೆ ಹಿಡ್ಕೊಂಡಿದ್ರೆ ಸಾಕು."

ಸುಮ್ಮನೆ ಹಿಡಿದುಕೊಂಡಿರುವುದರಲ್ಲಿ ನನಗಿರುವ ಅನುಭವವನ್ನು ನಾನು ನೆನಪಿಸಲಿಲ್ಲ. ನೋಡೋಣ ಎಂದೆ. ಈಸ್ಟರ್ ಒಳಗೆ ಒಮ್ಮೆ, ಅದೇ ನದಿ, ಅದೇ ಶ್ಲೊಯ್ಜೆ. ಒಂದು ಸಲ ಇಳಿಯುವುದು, ಅಲ್ಲೇ ತಿರುಗಿ ಹತ್ತುವುದು, ಮಧ್ಯಾಹ್ನದ ಊಟಕ್ಕೆ ಮನೆ. ಆಮೇಲೆ ನನ್ನ ಉತ್ತರ.

ಆ ದಿನ ಮೋಡ ಮುಸುಕಿತ್ತು, ಗಾಳಿ ತಣ್ಣಗಿತ್ತು. ಕೋಟಿನ ಮೇಲೆ ತೇಲುವ ಜಾಕೆಟ್ ಹಾಕಿಕೊಂಡು ನಾವು ನಾಲ್ವರೂ ಕಟ್ಟಿದ ಮೂಟೆಗಳ ಹಾಗಿದ್ದೆವು. ನಸ್ರೀನ್ ಹೆಲ್ಗಾಳನ್ನು ಶ್ಲೊಯ್ಜೆಯೊಳಗೆ ತಂದಳು. ಈ ಸಲ ಹಿಂದಿನ ಹಗ್ಗ ನನಗೆ ಬೇಕೆಂದು ನಾನೇ ಕೇಳಿಕೊಂಡಿದ್ದೆ. ಗೂಟಕ್ಕೆ ಹಗ್ಗ ಬಳಸಿ ತುದಿ ಹಿಡಿದುಕೊಂಡೆ. ಬಾಗಿಲು ಮುಚ್ಚಿತು. ಅದೇ ಪಾಚಿಯ ಗೋಡೆ. ಅದೇ ಕಪ್ಪು ಸಂದು. ಹಗ್ಗ ಈಗಾಗಲೇ ಬಿಗಿಯಾಗಿದೆ, ಸಿಕ್ಕಿಕೊಂಡಿದೆ ಎನಿಸಿತು. ಸುಮಾ ನನ್ನ ಎದುರಿನ ಬೆಂಚಿನಲ್ಲಿ, ಆವತ್ತು ಜಾರಿದ್ದ ಜಾಗದಲ್ಲೇ, ಎರಡೂ ಕೈಗಳನ್ನು ಜೇಬಿನಲ್ಲಿಟ್ಟು ಕೂತಿದ್ದಳು. ಕಂಬಿ ಹಿಡಿದಿರಲಿಲ್ಲ.

"ಕಂಬಿ ಹಿಡ್ಕೋ" ಎಂದೆ.

"ಹಗ್ಗ ನಿಮ್ ಕೈಯಲ್ಲಿದೆಯಲ್ಲ" ಎಂದಳು. "ನಂಗೆ ಚಳಿ."

ನೀರು ಇಳಿಯಿತು. ಹಗ್ಗ ನನ್ನ ಕೈಯೊಳಗೆ ಒಂದು ಅಂಗುಲ ಜಾರಿತು, ನಿಂತಿತು, ಮತ್ತೆ ಒಂದು ಅಂಗುಲ. ಅದು ಎಳೆಯುವುದನ್ನು ಕೈ ನನಗಿಂತ ಮೊದಲೇ ತಿಳಿದುಕೊಳ್ಳುತ್ತಿತ್ತು. ನಾನು ಬಿಡುತ್ತ ಹೋದೆ. ಗೋಡೆಯ ಒದ್ದೆ ಗೆರೆ ನಮ್ಮ ತಲೆಯಿಂದ ಮೇಲೆ ಮೇಲೆ ಹೋಯಿತು. ಮುಂದುಗಡೆ ರಫೀಕ್ ಬಾಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದ, ಪ್ರಾರ್ಥನೆಯೋ ಬೈಗುಳವೋ ತಿಳಿಯಲಿಲ್ಲ. ಮನಸ್ಸಿನಲ್ಲಿ ವಾಲುವ ದೋಣಿ ಬರಲಿಲ್ಲ. ಬರಲು ಅದಕ್ಕೆ ಪುರುಸೊತ್ತಿರಲಿಲ್ಲ, ಕೈಯಲ್ಲಿ ಕೆಲಸವಿತ್ತು.

ಮುಂದಿನ ಬಾಗಿಲು ನಡುವೆ ಸೀಳಿ ತೆರೆದುಕೊಂಡಿತು. ಆಚೆ ನದಿ ಅಗಲವಾಗಿ, ಬೂದುಬಣ್ಣದಲ್ಲಿ, ಒಂದು ಬಾತುಕೋಳಿಯನ್ನು ಹೊತ್ತುಕೊಂಡು ಹರಿಯುತ್ತಿತ್ತು. ಹಗ್ಗ ಎಳೆದುಕೊಂಡು ಸುರುಳಿ ಸುತ್ತಿದೆ. ನಸ್ರೀನ್ ಹೆಲ್ಗಾಳನ್ನು ನಿಧಾನವಾಗಿ ಹೊರಗೆ ತಂದಳು. ಒಪ್ಪಂದದಂತೆ ಅಲ್ಲಿ ತಿರುಗಬೇಕಿತ್ತು. ಅವಳು ಮೋಟಾರಿನ ಸದ್ದು ತಗ್ಗಿಸಿ, ಚುಕ್ಕಾಣಿಯ ಮೇಲೆ ಕೈಯಿಟ್ಟು, ನನ್ನ ಕಡೆ ನೋಡಿದಳು. ಮುಂದಿದ್ದ ರಫೀಕ್ ಬೆನ್ನು ತಿರುಗಿಸಿಕೊಂಡೇ ಇದ್ದ. ಆದರೆ ಅವನ ಬೆನ್ನು ಪೂರ್ತಿ ಕಿವಿಯಾಗಿತ್ತು.

"ಮುಂದಿನ ಶ್ಲೊಯ್ಜೆ ಎಷ್ಟು ದೂರ?" ಎಂದು ಕೇಳಿದೆ.

ನಸ್ರೀನ್ ಮೋಟಾರಿನ ಹಿಡಿಯನ್ನು ಮುಂದಕ್ಕೆ ತಳ್ಳಿದಳು.